ಬೆಳಗಾವಿಯಿಂದ ಕ್ವೀನ್ಸ್‌ಟೌನ್‌ಗೆ: ಚಾರಣದ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ

ಪ್ರಶ್ನೆ: ನಾವು ಬೆಳಗಾವಿಯ ಟಿಳಕವಾಡಿಯವರು. ನನಗೆ 54 ವರ್ಷ, ಪತ್ನಿಗೆ 50; ಆಕೆ ರಕ್ತದೊತ್ತಡಕ್ಕೆ ದಿನವೂ ಮಾತ್ರೆ ತೆಗೆದುಕೊಳ್ಳುತ್ತಾಳೆ. ಬರುವ ಜನವರಿಯಲ್ಲಿ ಕಾಲೇಜು ಓದುವ ಮಗಳ ಜೊತೆ ನ್ಯೂಜಿಲೆಂಡಿನ ರೂಟ್‌ಬರ್ನ್ ಟ್ರ್ಯಾಕ್ ನಡೆಯಬೇಕೆಂದಿದ್ದೇವೆ. ದಾರಿಯಲ್ಲಿ ತಂಗಲು ಎರಡು ರಾತ್ರಿಗಳ ಹಟ್ ಬುಕಿಂಗ್ ಮಗಳ ಜಾಣತನದಿಂದ ಸಿಕ್ಕಿದೆ. ಕಾರಿನಲ್ಲಿ ಮುಂಬೈಗೆ ಹೋಗಿ, ಅಲ್ಲಿಂದ ಸಿಡ್ನಿಗೆ ಒಂದು ಟಿಕೆಟ್, ಸಿಡ್ನಿಯಿಂದ ಕ್ವೀನ್ಸ್‌ಟೌನ್‌ಗೆ ಬೇರೊಂದು ಟಿಕೆಟ್ ಕೊಂಡರೆ ಮೂವರಿಗೂ ಸೇರಿ ದೊಡ್ಡ ಮೊತ್ತ ಉಳಿಯುತ್ತದೆ. ಮಧ್ಯಾಹ್ನ ಕ್ವೀನ್ಸ್‌ಟೌನ್‌ನಲ್ಲಿ ಇಳಿದು ಮರುದಿನ ಬೆಳಿಗ್ಗೆಯೇ ಚಾರಣ ಆರಂಭಿಸುವ ಯೋಜನೆ. ಇದು ಸರಿಯೇ? ಇನ್ನೇನನ್ನು ಗಮನಿಸಬೇಕು?

ಉತ್ತರ: ಹಟ್ ಬುಕಿಂಗ್ ಮೊದಲೇ ಮಾಡಿಸಿದ್ದೀರಿ ಎಂಬುದು ನಿಮ್ಮ ಯೋಜನೆಯ ಅತ್ಯಂತ ಒಳ್ಳೆಯ ಭಾಗ. ರೂಟ್‌ಬರ್ನ್ ನ್ಯೂಜಿಲೆಂಡ್ ಸಂರಕ್ಷಣಾ ಇಲಾಖೆಯ ‘ಗ್ರೇಟ್ ವಾಕ್’ ಎಂದು ಕರೆಯುವ ಚಾರಣದ ದಾರಿಗಳಲ್ಲಿ ಒಂದು; ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಕೊನೆಯವರೆಗಿನ ಋತುವಿನಲ್ಲಿ ಅಲ್ಲಿನ ಹಟ್‌ಗಳಿಗೆ ಮುಂಗಡ ಬುಕಿಂಗ್ ಇಲ್ಲದೆ ಪ್ರವೇಶವಿಲ್ಲ, ಮತ್ತು ಜನವರಿ ಅಲ್ಲಿನವರಿಗೂ ಬೇಸಿಗೆ ರಜೆಯ ಕಾಲವಾದ್ದರಿಂದ ಜಾಗಗಳು ಬಹಳ ಬೇಗ ಮುಗಿಯುತ್ತವೆ. ಆದರೆ ಆ ಬುಕಿಂಗ್ ನಿರ್ದಿಷ್ಟ ದಿನಾಂಕಕ್ಕೆ ಕಟ್ಟುಬಿದ್ದಿರುತ್ತದೆ. ವಿಮಾನ ತಪ್ಪಿ ಒಂದು ದಿನ ತಡವಾದರೆ ಮರುದಿನದ ಹಾಸಿಗೆ ಖಾಲಿ ಇರುವ ಸಂಭವ ಕಡಿಮೆ. ಆದ್ದರಿಂದ ನಿಮ್ಮ ಪ್ರಯಾಣದ ಲೆಕ್ಕ ಬೆಳಗಾವಿಯಿಂದ ಮುಂದಕ್ಕೆ ಹೋಗಬಾರದು. ಚಾರಣದ ಮೊದಲ ಬೆಳಗಿನಿಂದ ಹಿಂದಕ್ಕೆ ಬರಬೇಕು. ಹಾಗೆ ಹಿಂದಕ್ಕೆ ಬಂದು ನೋಡಿದಾಗ ನೀವು ಬರೆದಿರುವ ದಾರಿ ಮೂರು ಕಡೆ ಮುರಿಯುವ ಸಾಧ್ಯತೆ ಕಾಣುತ್ತದೆ. ಅದನ್ನು ಬದಲಿಸಿ ಎಂಬುದೇ ನನ್ನ ಸಲಹೆ.

ಮೊದಲು ಸಿಡ್ನಿಯ ವಿಷಯ. ಭಾರತದ ಪಾಸ್‌ಪೋರ್ಟ್ ಇರುವವರು ಆಸ್ಟ್ರೇಲಿಯಾದ ವಿಮಾನ ನಿಲ್ದಾಣದಲ್ಲಿ ವಿಮಾನ ಬದಲಿಸುವುದಕ್ಕೂ ವೀಸಾ ಪಡೆಯಬೇಕು. ಈ ಟ್ರಾನ್ಸಿಟ್ ವೀಸಾಕ್ಕೆ ಶುಲ್ಕವಿಲ್ಲ, ಆದರೆ ಅರ್ಜಿ, ದಾಖಲೆ, ಕಾಯುವಿಕೆ ಎಲ್ಲವೂ ಇವೆ. ಅದಿಲ್ಲದಿದ್ದರೆ ಮುಂಬೈ ಕೌಂಟರಿನಲ್ಲೇ ನಿಮ್ಮನ್ನು ನಿಲ್ಲಿಸುತ್ತಾರೆ. ಅದಕ್ಕಿಂತ ದೊಡ್ಡ ತೊಡಕು ಬೇರೆ ಬೇರೆ ಟಿಕೆಟ್‌ಗಳದ್ದು. ಮುಂಬೈಯಲ್ಲಿ ಕೊಟ್ಟ ಬ್ಯಾಗುಗಳು ಸಿಡ್ನಿಗೆ ಮಾತ್ರ ಹೋಗುತ್ತವೆ. ನೀವು ಅಲ್ಲಿ ವಲಸೆ ತಪಾಸಣೆ ದಾಟಿ, ಬ್ಯಾಗು ತೆಗೆದುಕೊಂಡು, ಆಸ್ಟ್ರೇಲಿಯಾದ ಕಠಿಣ ಜೈವಿಕ ಸುರಕ್ಷತಾ ತಪಾಸಣೆಯನ್ನೂ (ಮಣ್ಣು, ಬೀಜ, ಆಹಾರ ಪದಾರ್ಥಗಳ ತಪಾಸಣೆ) ಮುಗಿಸಿ, ಮತ್ತೆ ಚೆಕ್-ಇನ್ ಸಾಲಿನಲ್ಲಿ ನಿಲ್ಲಬೇಕು. ಕೆಲವು ಗಂಟೆಗಳ ನಂತರ ನ್ಯೂಜಿಲೆಂಡಿನಲ್ಲಿ ಅದೇ ತಪಾಸಣೆ ಇನ್ನೊಮ್ಮೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಕಂಪನಿಗೆ ನಿಮ್ಮ ವಿಷಯದಲ್ಲಿ ಯಾವ ಹೊಣೆಯೂ ಇಲ್ಲ. ಅದೇ ಎಲ್ಲ ವಿಮಾನಗಳೂ ಒಂದೇ ಬುಕಿಂಗ್‌ನಲ್ಲಿದ್ದರೆ ಮುಂದಿನ ವಿಮಾನದಲ್ಲಿ ಜಾಗ ಕೊಡುವ ಹೊಣೆ ಕಂಪನಿಯದಾಗುತ್ತದೆ. ನೀವು ಉಳಿಸಲು ಹೊರಟಿರುವ ಹಣ ಈ ಹೊಣೆಯ ಬೆಲೆ ಎಂದು ತಿಳಿಯಿರಿ.

ಎರಡನೆಯದು ಕ್ವೀನ್ಸ್‌ಟೌನ್ ವಿಮಾನ ನಿಲ್ದಾಣ. ವಕಟಿಪು ಸರೋವರದ ದಂಡೆಯಲ್ಲಿ, ರಿಮಾರ್ಕಬಲ್ಸ್ ಪರ್ವತಸಾಲಿನ ಬುಡದಲ್ಲಿರುವ ಆ ರನ್‌ವೇಗೆ ವಿಮಾನಗಳು ಬೆಟ್ಟಗಳ ನಡುವಿನ ಕಣಿವೆಯಲ್ಲೇ ತಿರುಗುತ್ತ ಇಳಿಯಬೇಕು. ಮೋಡ ಕೆಳಗಿಳಿದರೆ ಅಥವಾ ಗಾಳಿ ಜೋರಾದರೆ ವಿಮಾನ ಇನ್ವರ್‌ಕಾರ್ಗಿಲ್, ಕ್ರೈಸ್ಟ್‌ಚರ್ಚ್ ಮುಂತಾದ ಕಡೆ ತಿರುಗುವುದು ಅಲ್ಲಿ ಅಪರೂಪವಲ್ಲ. ಕಿಟಕಿಯ ಆಸನ ಸಿಕ್ಕರೆ ಅಷ್ಟು ಸುಂದರವಾದ ಇಳಿಯುವಿಕೆ ಇನ್ನೊಂದಿಲ್ಲ ಎಂಬುದೂ ಅಷ್ಟೇ ನಿಜ. ಆದರೆ ಮರುದಿನ ಬೆಳಿಗ್ಗೆಯೇ ಚಾರಣ ಇಟ್ಟುಕೊಂಡವರು ಆ ಹವಾಮಾನದ ಮೇಲೆ ಎರಡು ವರ್ಷದ ಉಳಿತಾಯವನ್ನು ಪಣಕ್ಕಿಟ್ಟಂತೆ.

ಇವೆರಡನ್ನೂ ಗಮನಿಸಿ ನಾನು ಸೂಚಿಸುವ ದಾರಿ ಇದು: ಬೆಂಗಳೂರಿನಿಂದ ಸಿಂಗಪುರ, ಸಿಂಗಪುರದಿಂದ ಕ್ರೈಸ್ಟ್‌ಚರ್ಚ್, ಅಲ್ಲಿಂದ ಕ್ವೀನ್ಸ್‌ಟೌನ್, ಎಲ್ಲವೂ ಒಂದೇ ಬುಕಿಂಗ್‌ನಲ್ಲಿ. ಸಿಂಗಪುರ್ ಏರ್‌ಲೈನ್ಸ್ ಬಹುಕಾಲದಿಂದ ಕ್ರೈಸ್ಟ್‌ಚರ್ಚ್‌ಗೆ ನೇರ ವಿಮಾನ ನಡೆಸುತ್ತಿದೆ. ಬೆಂಗಳೂರಿನಿಂದ ಸಿಂಗಪುರಕ್ಕೆ ಸುಮಾರು ನಾಲ್ಕೂವರೆ ಗಂಟೆ, ಅಲ್ಲಿಂದ ಮುಂದಕ್ಕೆ ಸುಮಾರು 10 ಗಂಟೆ, ಕೊನೆಯ ತುಂಡು ಒಂದು ಗಂಟೆ. ಒಂದೇ ಟಿಕೆಟ್ ಆಗಿದ್ದು ನೀವು ಚಾಂಗಿ ನಿಲ್ದಾಣದ ಒಳಗೇ ಇದ್ದರೆ ಸಿಂಗಪುರದ ವೀಸಾ ಬೇಕಾಗುವುದಿಲ್ಲ. ಆಕ್ಲೆಂಡ್ ಮೂಲಕವೂ ಹೋಗಬಹುದು, ಟಿಕೆಟ್ ಕೆಲವೊಮ್ಮೆ ಅಲ್ಲಿಗೇ ಅಗ್ಗ. ಆದರೂ ಕ್ರೈಸ್ಟ್‌ಚರ್ಚ್ ಎನ್ನುವುದಕ್ಕೆ ಕಾರಣವಿದೆ. ಆಕ್ಲೆಂಡ್ ಇರುವುದು ಉತ್ತರ ದ್ವೀಪದಲ್ಲಿ, ಕ್ವೀನ್ಸ್‌ಟೌನ್ ಇರುವುದು ದಕ್ಷಿಣ ದ್ವೀಪದಲ್ಲಿ. ಕೊನೆಯ ವಿಮಾನ ರದ್ದಾದರೆ ನಡುವೆ ಸಮುದ್ರ. ಕ್ರೈಸ್ಟ್‌ಚರ್ಚ್‌ನಿಂದಾದರೆ ರಸ್ತೆ ಇದೆ: ಟೆಕಪೋ ಸರೋವರದ ಬಳಿಯಿಂದ, ಲಿಂಡಿಸ್ ಕಣಿವೆಮಾರ್ಗ ದಾಟಿ ಸುಮಾರು 480 ಕಿಲೋಮೀಟರು, ಬೆಳಗಾವಿಯಿಂದ ಬೆಂಗಳೂರಿಗೆ ಇರುವಷ್ಟೇ ಹೆಚ್ಚುಕಡಿಮೆ. ಬಸ್ಸಿನಲ್ಲಿ ಕುಳಿತರೂ ಆ ದಿನದೊಳಗೆ ತಲುಪುತ್ತೀರಿ. ಅಲ್ಲದೆ ಕ್ರೈಸ್ಟ್‌ಚರ್ಚ್‌ನಲ್ಲಿ ಅಂತರರಾಷ್ಟ್ರೀಯ ಮತ್ತು ದೇಶೀಯ ವಿಮಾನಗಳು ಒಂದೇ ಕಟ್ಟಡದಲ್ಲಿವೆ. ಯಾವ ಊರಿನಲ್ಲಿ ಮೊದಲು ಇಳಿದರೂ ಅಲ್ಲೇ ಬ್ಯಾಗು ಬಿಡಿಸಿಕೊಂಡು ತಪಾಸಣೆ ಮುಗಿಸಿ ಮತ್ತೆ ಒಪ್ಪಿಸಬೇಕಾಗುತ್ತದೆ. ನಡುವೆ ಕನಿಷ್ಠ ಮೂರು ಗಂಟೆ ಇರಲಿ.

ಬೆಳಗಾವಿಯಿಂದ ಬೆಂಗಳೂರಿನವರೆಗಿನ ತುಂಡನ್ನು ಹಗುರವಾಗಿ ನೋಡಬೇಡಿ. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನದಲ್ಲಿ ಹೋಗುವುದಾದರೆ, ಅದು ಬೇರೆ ಟಿಕೆಟ್ ಆಗಿರುವ ಸಂಭವವೇ ಹೆಚ್ಚಾದ್ದರಿಂದ, ಹಿಂದಿನ ದಿನವೇ ಹೊರಡಿ. ಜನವರಿಯಲ್ಲಿ ದೆಹಲಿಯ ಮಂಜು ಬೆಳಗಾವಿಯ ವಿಮಾನವನ್ನೂ ತಡಮಾಡಬಲ್ಲದು, ಏಕೆಂದರೆ ಅದೇ ವಿಮಾನ ಬೆಳಿಗ್ಗೆ ಬೇರೆಲ್ಲೋ ಸಿಕ್ಕಿಕೊಂಡಿರುತ್ತದೆ. ನನ್ನ ಆಯ್ಕೆ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್. ರಾತ್ರಿ ಮಲಗಿಕೊಂಡು ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ವಾಯುವಜ್ರ ಬಸ್ಸಿನಲ್ಲಿ ದೇವನಹಳ್ಳಿಯ ಕಡೆ ಹೊರಟು, ಹತ್ತಿರದ ವಸತಿಗೃಹವೊಂದರಲ್ಲಿ ಹಗಲು ವಿಶ್ರಾಂತಿ ಪಡೆದು, ರಾತ್ರಿಯ ವಿಮಾನಕ್ಕೆ ಎರಡನೇ ಟರ್ಮಿನಲ್‌ಗೆ ಹೋದರೆ ಮೂವರೂ ದಣಿಯದೆ ವಿಮಾನ ಹತ್ತುತ್ತೀರಿ. ಮುಂಬೈಗೆ ಕಾರಿನಲ್ಲಿ ಹತ್ತು ಗಂಟೆ ಕುಳಿತು, ಆಮೇಲೆ ಅದಕ್ಕಿಂತ ಹೆಚ್ಚು ಹೊತ್ತು ವಿಮಾನದಲ್ಲಿ ಕುಳಿತುಕೊಳ್ಳುವುದು ನಿಮ್ಮ ವಯಸ್ಸಿನ ಕಾಲುಗಳಿಗೆ ಒಳ್ಳೆಯದಲ್ಲ.

ಮುರಿಯುವ ಮೂರನೆಯ ಜಾಗ ಇಳಿದ ಮರುದಿನದ ಬೆಳಗು. ಜನವರಿಯಲ್ಲಿ ನ್ಯೂಜಿಲೆಂಡಿನ ಗಡಿಯಾರ ನಮ್ಮದಕ್ಕಿಂತ ಏಳೂವರೆ ಗಂಟೆ ಮುಂದಿರುತ್ತದೆ. ನೀವು ಬೆಳಿಗ್ಗೆ 8 ಗಂಟೆಗೆ ಚಾರಣದ ಬಸ್ ಹತ್ತುವಾಗ ನಿಮ್ಮ ದೇಹಕ್ಕೆ ರಾತ್ರಿ ಹನ್ನೆರಡೂವರೆ. ದೇಹದ ಒಳಗಡಿಯಾರ ಹೊಸ ವೇಳೆಗೆ ಹೊಂದಿಕೊಳ್ಳುವುದು ಸುಮಾರಾಗಿ ದಿನಕ್ಕೆ ಒಂದು ಗಂಟೆಯ ಲೆಕ್ಕದಲ್ಲಿ, ಅದರಲ್ಲೂ ಪೂರ್ವಕ್ಕೆ ಪ್ರಯಾಣಿಸಿದಾಗ ಹೆಚ್ಚು ಕಷ್ಟಪಟ್ಟು. ಪೂರ್ತಿ ಹೊಂದಿಕೊಳ್ಳುವವರೆಗೆ ಕಾಯಲು ಯಾರಿಗೂ ರಜೆ ಇರುವುದಿಲ್ಲ, ಆದರೆ ಎರಡು ರಾತ್ರಿಗಳ ನಿದ್ರೆ ಬಹಳ ವ್ಯತ್ಯಾಸ ಮಾಡುತ್ತದೆ. ಇಳಿದ ದಿನ, ನಡುವೆ ಪೂರ್ತಿ ಒಂದು ಖಾಲಿ ದಿನ, ಮೂರನೆಯ ದಿನ ಚಾರಣ: ಇದಕ್ಕಿಂತ ಬಿಗಿಯಾದ ಯೋಜನೆಗೆ ನಾನು ಒಪ್ಪುವುದಿಲ್ಲ.

ಬೆಳಕನ್ನು ಬಳಸಿಕೊಳ್ಳುವ ಕ್ರಮವನ್ನೂ ತಿಳಿದಿರಿ. ದೇಹದ ಉಷ್ಣತೆ ಅತ್ಯಂತ ಕಡಿಮೆಯಾಗುವುದು ನಮ್ಮ ಬೆಳಗಿನ ಜಾವ 4ರಿಂದ 5ರ ಸುಮಾರಿಗೆ. ಅದಾದ ಮೇಲೆ ಕಣ್ಣಿಗೆ ಬೀಳುವ ಬೆಳಕು ಒಳಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ. ಅದಕ್ಕೆ ಮೊದಲಿನ ಬೆಳಕು ಹಿಂದಕ್ಕೆ ಎಳೆಯುತ್ತದೆ. ನಿಮಗೆ ಬೇಕಾದದ್ದು ಮುಂದಕ್ಕೆ ಹೋಗುವುದು. ಆ ಜಾವ ನ್ಯೂಜಿಲೆಂಡಿನ ಗಡಿಯಾರದಲ್ಲಿ ಸರಿಸುಮಾರು ನಡುಹಗಲು. ಆದ್ದರಿಂದ ಮೊದಲ ದಿನ ಮಧ್ಯಾಹ್ನದವರೆಗೆ ಕಪ್ಪು ಕನ್ನಡಕ ಹಾಕಿಕೊಂಡು ಆದಷ್ಟು ನೆರಳಿನಲ್ಲಿರಿ, ಮಧ್ಯಾಹ್ನದ ನಂತರ ಸರೋವರದ ದಂಡೆಯಲ್ಲಿ ನಡೆದಾಡಿ. ಜನವರಿಯಲ್ಲಿ ಅಲ್ಲಿ ರಾತ್ರಿ 9 ದಾಟಿದರೂ ಬೆಳಕಿರುತ್ತದೆ. ಮಲಗುವ ಕೋಣೆಯ ಪರದೆಯನ್ನು ಬೇಗನೆ ಎಳೆದುಬಿಡಿ. ಊರಿನಲ್ಲಿ ಕೊನೆಯ ನಾಲ್ಕು ದಿನ ಮಲಗುವ ಮತ್ತು ಏಳುವ ಹೊತ್ತನ್ನು ದಿನಕ್ಕೆ ಅರ್ಧ ಗಂಟೆಯಂತೆ ಬೇಗ ಮಾಡಿಕೊಂಡರೆ ಇನ್ನೂ ಸುಲಭ. ಇಳಿದ ದಿನ ಬಾಡಿಗೆ ಕಾರು ಓಡಿಸುವುದು ಬೇಡ. ಅಲ್ಲಿಯೂ ರಸ್ತೆಯ ಎಡಗಡೆಯೇ ಓಡಿಸುತ್ತಾರೆ ಎಂಬ ಧೈರ್ಯ ನಿದ್ದೆಗೆಟ್ಟ ಕಣ್ಣಿಗೆ ರಕ್ಷಣೆ ಕೊಡುವುದಿಲ್ಲ.

ವಿಮಾನದೊಳಗಿನ ಮಾತು. ಕ್ಯಾಬಿನ್ನಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಂತೆ ಇರುತ್ತದೆ, ಗಾಳಿಯಲ್ಲಿ ತೇವ ಕಡಿಮೆ. ನಾಲ್ಕು ಗಂಟೆ ಮೀರಿ ಅಲುಗಾಡದೆ ಕುಳಿತರೆ ಕಾಲಿನ ಆಳದ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಗಂಟೆಗೊಮ್ಮೆ ಎದ್ದು ನಡೆಯಿರಿ, ಕುಳಿತಲ್ಲೇ ಹಿಮ್ಮಡಿ ಎತ್ತಿ ಇಳಿಸಿ ಮೀನಖಂಡಗಳಿಗೆ ಕೆಲಸ ಕೊಡಿ, ನೀರು ಕುಡಿಯಿರಿ. ನಿಮ್ಮ ಪತ್ನಿಯವರು ಹೊರಡುವ ಮೊದಲೇ ವೈದ್ಯರನ್ನು ಕಂಡು, ಗಡಿಯಾರ ಬದಲಾದಾಗ ಮಾತ್ರೆಯ ಹೊತ್ತನ್ನು ಹೇಗೆ ಬದಲಿಸಬೇಕು, ಆ ಮಾತ್ರೆ ಮೂತ್ರ ಹೆಚ್ಚಿಸುವಂಥದ್ದಾದರೆ ಪ್ರಯಾಣದ ದಿನ ಏನು ಮಾಡಬೇಕು, ಒತ್ತಡದ ಕಾಲುಚೀಲ ಬೇಕೇ ಎಂದು ಕೇಳಿಕೊಳ್ಳಲಿ. ಮಾತ್ರೆಗಳು ಮೂಲ ಪೊಟ್ಟಣದಲ್ಲೇ, ವೈದ್ಯರು ಇಂಗ್ಲಿಷಿನಲ್ಲಿ ಬರೆದ ಚೀಟಿಯೊಂದಿಗೆ, ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು. ಮೂರು ತಿಂಗಳಿಗೆ ಮೀರದಷ್ಟು ಮಾತ್ರ ಒಯ್ಯಿರಿ. ಪವರ್ ಬ್ಯಾಂಕ್ ಕೂಡ ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು. ಸಿಂಗಪುರ್ ಏರ್‌ಲೈನ್ಸ್ 2025ರ ಏಪ್ರಿಲ್‌ನಿಂದ ವಿಮಾನದೊಳಗೆ ಅದನ್ನು ಬಳಸಲು ಬಿಡುವುದಿಲ್ಲವಾದ್ದರಿಂದ ಫೋನನ್ನು ಮೊದಲೇ ಚಾರ್ಜ್ ಮಾಡಿಕೊಳ್ಳಿ. ಚಾರಣದ ಕೋಲುಗಳು ಚೆಕ್-ಇನ್ ಬ್ಯಾಗಿಗೆ. ಗ್ಯಾಸ್ ಡಬ್ಬಿ ಯಾವ ಬ್ಯಾಗಿನಲ್ಲೂ ಬೇಡ, ರೂಟ್‌ಬರ್ನ್ ಹಟ್‌ಗಳಲ್ಲಿ ಋತುವಿನ ಕಾಲದಲ್ಲಿ ಗ್ಯಾಸ್ ಒಲೆ ಇರುತ್ತದೆ. ಬೂಟುಗಳನ್ನು ಮಾತ್ರ ಕಾಲಿಗೇ ಹಾಕಿಕೊಂಡು ಅಥವಾ ಕೈಯಲ್ಲೇ ಹಿಡಿದು ಹೋಗಿ. ಬ್ಯಾಗು ಕಳೆದರೆ ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಎಲ್ಲವೂ ಕ್ವೀನ್ಸ್‌ಟೌನ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ನಿಮ್ಮ ಪಾದಕ್ಕೆ ಪಳಗಿದ ಬೂಟು ಸಿಗುವುದಿಲ್ಲ.

ಆ ಬೂಟುಗಳ ವಿಷಯದಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಭಾಗದ ಪ್ರಯಾಣಿಕರು ಅತಿ ಹೆಚ್ಚು ಮುಗ್ಗರಿಸುವುದು ಇಲ್ಲೇ. ಹೈನುಗಾರಿಕೆ ಮತ್ತು ಕುರಿ ಸಾಕಣೆಯನ್ನು ನಂಬಿರುವ ನ್ಯೂಜಿಲೆಂಡ್‌ಗೆ ಕಾಲುಬಾಯಿ ರೋಗ ಇದುವರೆಗೆ ಕಾಲಿಟ್ಟಿಲ್ಲ. ನಮ್ಮ ದನಕರುಗಳಲ್ಲಿ ಅದು ಇದೆ. ಹೀಗಾಗಿ ಹೊರಗಿನ ಮಣ್ಣು, ಬೀಜ, ಹಾಲಿನ ಪದಾರ್ಥ ಯಾವುದನ್ನೂ ಅವರು ಹಗುರವಾಗಿ ಪರಿಗಣಿಸುವುದಿಲ್ಲ. ಪ್ರವೇಶಕ್ಕೆ ಮುಂಚೆ ಆನ್‌ಲೈನಿನಲ್ಲಿ ಉಚಿತವಾಗಿ ತುಂಬುವ ಪ್ರಯಾಣಿಕರ ಘೋಷಣೆಯಲ್ಲಿ ಬಳಸಿದ ಬೂಟು, ಡೇರೆ ತಂದಿದ್ದೀರಾ, ಕಳೆದ 30 ದಿನಗಳಲ್ಲಿ ಕಾಡು, ಹೊಲ, ಪ್ರಾಣಿಗಳ ಸಂಪರ್ಕಕ್ಕೆ ಬಂದಿದ್ದೀರಾ ಎಂದು ಕೇಳುತ್ತಾರೆ. ಯಳ್ಳೂರಿನ ರಾಜಹಂಸಗಡ ಹತ್ತಿ ಅಭ್ಯಾಸ ಮಾಡಿದವರು, ಊರಿನ ಹೊಲಕ್ಕೆ ಹೋಗಿ ಎಮ್ಮೆ ಕಟ್ಟುವಲ್ಲಿ ನಿಂತವರು ‘ಹೌದು’ ಎಂದೇ ಬರೆಯಬೇಕು. ‘ಹೌದು’ ಎಂದರೆ ದಂಡವಿಲ್ಲ, ತಪಾಸಣೆ ಮಾತ್ರ. ಮುಚ್ಚಿಟ್ಟದ್ದು ಸಿಕ್ಕರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ.

ಮೇಜಿನ ಆಚೆ ನಿಂತ ಅಧಿಕಾರಿ ಬೂಟನ್ನು ತಿರುಗಿಸಿ ಅಟ್ಟೆಯ ಗೀರುಗಳನ್ನು ಒಂದೊಂದಾಗಿ ನೋಡುತ್ತಾರೆ. ಹೊರಡುವ ವಾರ ನೀವು ಅದನ್ನೇ ಮನೆಯಲ್ಲಿ ಮಾಡಿ. ಒಳ ಅಟ್ಟೆ ಮತ್ತು ಲೇಸು ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸೋಪುನೀರು ಹಾಕಿ ಗೀರುಗಳ ತಳದವರೆಗೆ ಉಜ್ಜಿ, ಕಡ್ಡಿಯಿಂದ ಸಣ್ಣ ಹರಳುಗಳನ್ನು ಕೆದಕಿ ತೆಗೆಯಿರಿ. ಬೂಟಿನ ನಾಲಿಗೆಯ ಮಡಿಕೆಯಲ್ಲಿ, ಕಾಲುಚೀಲದ ನೂಲಿನಲ್ಲಿ, ಜಾಕೆಟ್ಟಿನ ಅಂಟುಪಟ್ಟಿಯಲ್ಲಿ ಹುಲ್ಲಿನ ಬೀಜಗಳು ಹತ್ತಿಕೊಂಡಿರುತ್ತವೆ. ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಪ್ರತ್ಯೇಕ ಚೀಲಕ್ಕೆ ಹಾಕಿ, ಕೇಳಿದ ತಕ್ಷಣ ತೆಗೆದು ತೋರಿಸುವಂತೆ ಮೇಲೆಯೇ ಇಡಿ. ಅಲ್ಲಿಗೆ ಹೋದ ಮೇಲೂ ಇದೇ ಶಿಸ್ತು ಬೇಕು: ಡಿಡಿಮೊ ಎಂಬ ಪಾಚಿ 2004ರಲ್ಲಿ ದಕ್ಷಿಣ ದ್ವೀಪದ ನದಿಯೊಂದರಲ್ಲಿ ಕಾಣಿಸಿಕೊಂಡ ಮೇಲೆ, ಒಂದು ನದಿಯಿಂದ ಇನ್ನೊಂದಕ್ಕೆ ಹೋಗುವಾಗ ಒದ್ದೆ ಸಾಮಾನುಗಳನ್ನು ನೋಡಿ, ತೊಳೆದು, ಒಣಗಿಸಿ ಎಂದು ಎಲ್ಲೆಡೆ ಕೇಳಿಕೊಳ್ಳುತ್ತಾರೆ.

ತಿಂಡಿಯ ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಬೆಳಗಾವಿಯ ಕುಂದಾ ಹಾಲಿನದು, ಒಯ್ಯಬೇಡಿ. ಹಣ್ಣು, ಜೇನು, ಹಸಿ ಕಾಳು, ಬಿತ್ತಿದರೆ ಮೊಳೆಯುವ ಯಾವುದೂ ಬೇಡ. ಕಾರ್ಖಾನೆಯಲ್ಲಿ ಮುಚ್ಚಿದ, ಪದಾರ್ಥಗಳ ಹೆಸರು ಇಂಗ್ಲಿಷಿನಲ್ಲಿ ಮುದ್ರಿಸಿದ, ಪೂರ್ತಿ ಬೇಯಿಸಿದ ಅಥವಾ ಹುರಿದ ತಿಂಡಿಯನ್ನು ಘೋಷಿಸಿ ತೋರಿಸಬಹುದು, ತೀರ್ಮಾನ ಅಧಿಕಾರಿಯದು. ಚಾರಣಕ್ಕೆ ಬೇಕಾದ ಅಕ್ಕಿ, ಬೇಳೆ, ಓಟ್ಸ್, ಕಡಲೆಬೀಜದ ಬೆಣ್ಣೆ ಎಲ್ಲವೂ ಕ್ವೀನ್ಸ್‌ಟೌನ್ ಅಂಗಡಿಗಳಲ್ಲೇ ಸಿಗುತ್ತವೆ. ಖಾಲಿ ಇಟ್ಟುಕೊಂಡ ದಿನದ ಮೊದಲ ಕೆಲಸ ಆ ಖರೀದಿಯೇ ಆಗಲಿ.

ನ್ಯೂಜಿಲೆಂಡಿನ ವೀಸಾ ಕುರಿತು ಸಂಕ್ಷೇಪವಾಗಿ ಹೇಳುತ್ತೇನೆ. ಅರ್ಜಿ ಆನ್‌ಲೈನಿನಲ್ಲಿ, ಮೂರು ತಿಂಗಳ ಮೊದಲೇ ಹಾಕಿ. ಅರ್ಜಿಯೊಂದಿಗೆ ವಿದೇಶಿ ಪ್ರವಾಸಿಗರ ಮೇಲಿನ 100 ನ್ಯೂಜಿಲೆಂಡ್ ಡಾಲರ್ ಕರವನ್ನೂ ಕಟ್ಟಿಸಿಕೊಳ್ಳುತ್ತಾರೆ. ಪಾಸ್‌ಪೋರ್ಟ್ ನೀವು ಅಲ್ಲಿಂದ ಹೊರಡುವ ದಿನದ ನಂತರವೂ ಮೂರು ತಿಂಗಳು ಊರ್ಜಿತವಿರಬೇಕು. ಆಸ್ತಿಯ ಆಧಾರವಾಗಿ ಹೊಲದ ಉತಾರ ಅಥವಾ ಮನೆಯ ಪತ್ರ ಲಗತ್ತಿಸುವುದಾದರೆ, ಅದು ಕನ್ನಡದಲ್ಲಿರಲಿ ಮರಾಠಿಯಲ್ಲಿರಲಿ, ಇಂಗ್ಲಿಷ್ ಅನುವಾದ ಜೊತೆಗಿರಬೇಕು. ವೀಸಾ ಕೈಗೆ ಬರುವವರೆಗೆ ಹಣ ವಾಪಸಾಗದ ಟಿಕೆಟ್ ಕೊಳ್ಳಬೇಡಿ.

ಇನ್ನು ಬೆಟ್ಟ. ರೂಟ್‌ಬರ್ನ್ ಸುಮಾರು 33 ಕಿಲೋಮೀಟರಿನ ದಾರಿ. ಅದರ ಅತಿ ಎತ್ತರದ ಜಾಗವಾದ ಹ್ಯಾರಿಸ್ ಸ್ಯಾಡಲ್ 1,255 ಮೀಟರ್. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್ ಇದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಎತ್ತರದ ಕಾಯಿಲೆ ಅಲ್ಲಿನ ಅಪಾಯವಲ್ಲ. 45 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಪಶ್ಚಿಮದ ಸಮುದ್ರದಿಂದ ನೇರವಾಗಿ ಬೀಸುವ ಗಾಳಿಯೂ ತಣ್ಣನೆಯ ಮಳೆಯೂ ಸೇರಿದರೆ ನಡುಬೇಸಿಗೆಯಲ್ಲೂ ಮೇಲೆ ಹಿಮ ಬೀಳಬಹುದು. ಒದ್ದೆಯಾದ ಹತ್ತಿ ಬಟ್ಟೆ ಮೈಯ ಬಿಸಿಯನ್ನು ಹೀರಿಬಿಡುತ್ತದೆ. ಮೈಗೆ ಉಣ್ಣೆಯದೋ ಸಿಂಥೆಟಿಕ್‌ನದೋ ಒಳಉಡುಪು, ಮೇಲೆ ನಿಜವಾಗಿ ನೀರು ತಡೆಯುವ ಜಾಕೆಟ್ ಇರಲಿ. ಆ ಜಾಕೆಟ್ಟನ್ನು ಪರೀಕ್ಷಿಸಲು ಬೆಳಗಾವಿಯವರಿಗಿರುವ ಅನುಕೂಲ ಬೇರೆಯವರಿಗಿಲ್ಲ. ಮಳೆಗಾಲದಲ್ಲಿ ಜಾಂಬೋಟಿ, ಕಣಕುಂಬಿ ಅಥವಾ ಆಂಬೋಲಿಯ ಕಡೆ, ಹತ್ತು ಕಿಲೋ ಹೊರೆಯೊಂದಿಗೆ ನಾಲ್ಕು ಗಂಟೆ ನಡೆದು ಬನ್ನಿ. ಹೊಲಿಗೆ ಎಲ್ಲಿ ಸೋರುತ್ತದೆ, ಬೂಟು ಎಲ್ಲಿ ಕಚ್ಚುತ್ತದೆ ಎಂಬುದು ತಿಳಿಯುತ್ತದೆ. ಹತ್ತುವುದಕ್ಕಿಂತ ಇಳಿಯುವುದನ್ನು ಹೆಚ್ಚು ಅಭ್ಯಾಸ ಮಾಡಿ, ಮೆಕೆಂಜಿ ಸರೋವರದ ಹಟ್‌ಗೆ ಇಳಿಯುವ ದಾರಿ ಮೊಣಕಾಲುಗಳನ್ನು ಪರೀಕ್ಷಿಸುತ್ತದೆ. ಹಟ್‌ನಲ್ಲಿ ಪ್ರತಿ ಸಂಜೆ ಅಲ್ಲಿನ ರೇಂಜರ್ ಮರುದಿನದ ಹವಾಮಾನ ತಿಳಿಸುತ್ತಾರೆ. ಅವರು ಕಾಯಿರಿ ಎಂದರೆ ಕಾಯಿರಿ.

ವಿಮೆ ಮಾಡಿಸುವಾಗ ಪಾಲಿಸಿಯಲ್ಲಿ ಹಟ್‌ನಿಂದ ಹಟ್‌ಗೆ ನಡೆಯುವ ಚಾರಣ ಸೇರಿದೆಯೇ ಎಂದು ಓದಿ. ಮಗಳು ಕವರಾವ್ ಸೇತುವೆಯ ಬಂಜೀ ಜಿಗಿತದ ಆಸೆ ಇಟ್ಟುಕೊಂಡಿದ್ದರೆ ಅದನ್ನೂ ಹೆಸರು ಹಿಡಿದು ಕೇಳಿ. ಅಪಘಾತದಲ್ಲಿ ಗಾಯಗೊಂಡ ಪ್ರವಾಸಿಗರ ಚಿಕಿತ್ಸೆಗೆ ನ್ಯೂಜಿಲೆಂಡಿನ ಅಪಘಾತ ಪರಿಹಾರ ವ್ಯವಸ್ಥೆಯ ನೆರವಿದೆ. ಆದರೆ ಕಾಯಿಲೆ, ರದ್ದಾದ ವಿಮಾನ, ಊರಿಗೆ ಮರಳುವ ಖರ್ಚು ಅದರಲ್ಲಿ ಬರುವುದಿಲ್ಲ. ರಕ್ತದೊತ್ತಡ ಇರುವುದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ.

ಹಿಂದಿರುಗುವ ಕಡೆಯೂ ಅಷ್ಟೇ ಸಡಿಲ ಬೇಕು. ಚಾರಣ ಮುಗಿಯುವ ‘ದ ಡಿವೈಡ್’ ಇರುವುದು ಮಿಲ್ಫರ್ಡ್ ರಸ್ತೆಯ ಮೇಲೆ. ಅಲ್ಲಿಂದ ಕ್ವೀನ್ಸ್‌ಟೌನ್‌ಗೆ ಬಸ್ಸಿನಲ್ಲಿ ನಾಲ್ಕು ಗಂಟೆಯಷ್ಟು, ಮತ್ತು ಜೋರು ಮಳೆಯಲ್ಲಿ ಆ ರಸ್ತೆ ಮುಚ್ಚುವುದುಂಟು. ಎರಡೂ ತುದಿಯ ಬಸ್ಸುಗಳನ್ನು ಈಗಲೇ ಕಾಯ್ದಿರಿಸಿ, ಚಾರಣ ಮುಗಿದ ದಿನವೇ ವಿಮಾನ ಇಟ್ಟುಕೊಳ್ಳದೆ ಒಂದು ರಾತ್ರಿ ಕ್ವೀನ್ಸ್‌ಟೌನ್‌ನಲ್ಲಿ ತಂಗಿ. ಬೆಂಗಳೂರಿನಲ್ಲಿ ಇಳಿದ ಮೇಲೆ ಯಾರೂ ಸ್ವತಃ ಕಾರು ಓಡಿಸಿಕೊಂಡು ಬೆಳಗಾವಿಗೆ ಬರುವ ಯೋಚನೆ ಮಾಡಬೇಡಿ. ರೈಲಿನ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ, ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು ಮೂರೂ ಬರ್ತುಗಳನ್ನು ಅಂದೇ ತೆಗೆದುಕೊಳ್ಳಿ.